ನನ್ನ ಡಬ್ಬಿ ಕಳೆದ ಮೊಸಾಯಿಕ್ ನಂಜಿಗೆ

ಆಂಟಾಪ್ ಹಿಲ್, ಮುಂಬೈ

ಮಾನ್ಯ ತಂಬಾಕಿನ ಮೊಸಾಯಿಕ್ ನಂಜಿನವರೇ (ಉರುಫ್ ವೈರಸ್ ಸಾಹೇಬರೇ),

ಕಣ್ಣಿಗೆ ಕಾಣದ ತಮ್ಮ ಶ್ರೀಚರಣಗಳು ಎಲ್ಲಿವೆಯೆಂದು ತಿಳಿಯದ ಕಾರಣ ನಾಲ್ಕೂ ದಿಕ್ಕಿಗೆ ನಮಸ್ಕರಿಸಿ ಈ ಪತ್ರ ಬರೆಯುತ್ತಿದ್ದೇನೆ. ನಾನು ನಿಪ್ಪಾಣಿ ಕಡೆಯವನು, ಹೆಸರಿಗೆ ಮಾತ್ರ ಶ್ರೀಮಂತ, ನೌಕರಿಯಿಂದ ನಿವೃತ್ತನಾಗಿ ಬಿಲ್ಡಿಂಗಿನ ಟೆರೇಸಿನಲ್ಲಿ ಎಣ್ಣೆ ಡಬ್ಬಗಳಲ್ಲಿ ತಂಬಾಕು ಬೆಳೆಯಲು ಹೊರಟವನು.

ನನ್ನ ತಂಬಾಕಿನ ಚಟಕ್ಕೆ ಬೇಸತ್ತ ಹೆಂಡತಿ ರುದ್ರವ್ವ, 'ನಮ್ಮೂರ ಎಲಿ ಶುದ್ಧ ಅಂತ ಕೊಚ್ಚಿಕೋತೀರಿ, ಹಂಗಾರ ನೀವ ಬೆಳದು ತಿನ್ರಿ. ಗಿಡಕ್ಕ ರೋಗ ಬಂತಂದ್ರ ಜೇಬಿನ್ಯಾಗಿನ ತಂಬಾಕಿನ ಡಬ್ಬಿ ನನ್ನ ಕೈಯಾಗ ಕೊಟ್ಟು ಚಟಾ ಬಿಡಬೇಕು' ಎಂದು ಕರಾರು ಹಾಕಿದಳು. ಬೆಳೆ ಬರುವವರೆಗೆ ಅಂಗಡಿಯ ತಂಬಾಕಿಗೆ ಅಪ್ಪಣೆಯಿತ್ತು. ಇದೇನು ಮಹಾ ಎಂದು ಮೀಸೆ ತಿರುವಿ ಒಪ್ಪಿದೆ.

ಆಗ ತಾವು ದಯಮಾಡಿಸಿದಿರಿ. ಎಲೆಯ ತುಂಬ ತಿಳಿಹಸಿರು, ಕಡುಹಸಿರು ತೇಪೆ ಹಚ್ಚಿದ ತಮ್ಮ ಕೈಚಳಕ ನೋಡಿ, ಸಸ್ಯಶಾಸ್ತ್ರ ಓದುವ ಮೊಮ್ಮಗಳು ಯಕ್ಷಿತಾ, 'ಅಜ್ಜಾ, ಯೇ ತೋ ನಿಮ್ಮ ಹಾಥ್‌ನಿಂದಾನೇ ಬಂತು' ಎಂದಳು. ಡಬ್ಬಿಯ ಒಣ ತಂಬಾಕಿನಲ್ಲಿ ತಾವು ವರ್ಷಗಟ್ಟಲೆ ಜೀವ ಹಿಡಿದಿರುತ್ತೀರಂತೆ. ನಾನು ತಂಬಾಕು ತಿಕ್ಕಿದ ಬೆರಳಿನಿಂದಲೇ ಕುಡಿ ಚಿವುಟಿದಾಗ ಗಿಡ ಸೇರಿದಿರಂತೆ. ಮೂವತ್ತು ವರ್ಷ ದಾದರಿನಲ್ಲಿ ಲೋಕಲ್ ರೈಲು ಬದಲಿಸಿದ ನನಗೂ ಆಗದಷ್ಟು ಸಲೀಸಾಗಿ, ಕೈಕಾಲಿಲ್ಲದ ತಾವು ಡಬ್ಬಿಯಿಂದ ಬೆರಳಿಗೆ, ಬೆರಳಿನಿಂದ ಎಲೆಗೆ ಗಾಡಿ ಬದಲಿಸಿದ್ದಕ್ಕೆ ಹಾರ್ದಿಕ ಅಭಿನಂದನೆಗಳು.

ರುದ್ರವ್ವನಿಗೆ ದುಂಬಾಲು ಬಿದ್ದು ಇನ್ನೊಂದೇ ಅವಕಾಶ ಪಡೆದೆ. ಊರಿನಲ್ಲಿರುವ ನನ್ನ ಅಣ್ಣ ಅಣವೀರಪ್ಪ, ನಂಜು ತಡೆಯುವ ತಳಿಯ ಒಂದು ಸಸಿಯನ್ನು ಬಸ್ಸಿನಲ್ಲಿ ಕಳಿಸಿ, ಸಾಬೂನಿನಿಂದ ಕೈ ತೊಳೆದು ಹಾಲಿನಲ್ಲಿ ಅದ್ದಿಯೇ ಮುಟ್ಟಬೇಕೆಂದೂ, ರೋಗ ಕಂಡರೆ ಕೂಡಲೇ ಕಿತ್ತೆಸೆಯಬೇಕೆಂದೂ ಫೋನಿನಲ್ಲಿ ತಾಕೀತು ಮಾಡಿದ. ತಮಗೆ ಹಾಲು ಆಗಿಬರುವುದಿಲ್ಲವಂತೆ. ಎರಡು ತಿಂಗಳು ನನ್ನ ಬೆರಳುಗಳು ಹಾಲು ಕುಡಿದವು, ಮನೆಮಂದಿ ಕರಿ ಚಹಾ ಕುಡಿದರು. ಒಂದೇ ಒಂದು ಬೆಳಿಗ್ಗೆ ಮರೆತು, ತಂಬಾಕು ತಿಕ್ಕಿದ ಕೈಯಲ್ಲೇ ಕುಡಿ ಚಿವುಟಿಬಿಟ್ಟೆ.

ಮೂರನೆಯ ದಿನ ಒಂದು ಎಲೆಯ ಮೇಲೆ ಸಾಸಿವೆ ಗಾತ್ರದ ಕಂದು ಚುಕ್ಕಿಗಳು ಎದ್ದಿದ್ದವು. ಅಣ್ಣನ ಮಾತಿನಂತೆ ಗಿಡ ಕಿತ್ತೆ, ಕೊಟ್ಟ ಮಾತಿನಂತೆ ಡಬ್ಬಿಯನ್ನು ರುದ್ರವ್ವನ ಕೈಗಿತ್ತೆ. ಸಂಜೆ ಕಾಲೇಜಿನಿಂದ ಬಂದ ಯಕ್ಷಿತಾ ಕಿತ್ತ ಗಿಡ ನೋಡಿ ಹಣೆ ಚಚ್ಚಿಕೊಂಡಳು: ತಾವು ಹೊಕ್ಕ ಜಾಗವನ್ನು ಗಿಡ ತಾನೇ ಸುಟ್ಟುಕೊಂಡು, ತಮ್ಮನ್ನು ಅಲ್ಲಿಯೇ ತಡೆದು ನಿಲ್ಲಿಸಿದ ಗುರುತಂತೆ ಆ ಚುಕ್ಕಿ. ಗಿಡ ಗೆದ್ದಿತ್ತು, ಗೆದ್ದ ಗಿಡವನ್ನು ನಾನೇ ಕಿತ್ತಿದ್ದೆ.

ಮರುವಿಚಾರಣೆಗೆ ಬೇಡಿದರೆ ರುದ್ರವ್ವ, 'ಕಿತ್ತವ್ರು ಯಾರ?' ಎಂದಷ್ಟೇ ಕೇಳಿದಳು. ನನ್ನ ಯಾವ ನೆಪವೂ ಅಂಟದ ತಳಿ ಅವಳು. ಆದ್ದರಿಂದ ತಾವು ಖುದ್ದಾಗಿ ನಮ್ಮ ಮನೆಗೆ ಬಂದು, ಸೋತದ್ದು ತಾವೇ ಎಂದು ಅವಳೆದುರು ಸಹಿ ಮಾಡಿಕೊಡಬೇಕು. ಕೈಯಿಲ್ಲದ ಪಕ್ಷದಲ್ಲಿ ಹೆಬ್ಬೆಟ್ಟು ಒತ್ತಿದರೂ ನಡೆದೀತು. ಬರುವ ದಿನವನ್ನು ಸೊಸೈಟಿಯ ನೋಟಿಸ್ ಬೋರ್ಡಿಗೆ ಮುಂಚಿತವಾಗಿ ಹಾಕಿಸಿದರೆ ಇನ್ನೂ ಉಪಕಾರ.

ತಮ್ಮನ್ನು ಮೂವತ್ತು ವರ್ಷ ಜೇಬಿನಲ್ಲಿಟ್ಟು ಸಾಕಿದ,
ತಮ್ಮ ವಿಶ್ವಾಸಿ
ಶ್ರೀಮಂತ

ತಾ.ಕ.: ರುದ್ರವ್ವ ನನ್ನ ಡಬ್ಬಿಗೆ ವಿಭೂತಿ ತುಂಬಿಟ್ಟಿದ್ದಾಳೆ. ನಿನ್ನೆ ಅಭ್ಯಾಸಬಲದಿಂದ ತೆರೆದು, ಚಿಟಿಕೆ ತೆಗೆದು, ಅಂಗೈಯಲ್ಲಿ ತಿಕ್ಕಿದ ಮೇಲೆ ಬೇರೆ ದಾರಿ ಕಾಣದೆ ಹಣೆಗೆ ಹಚ್ಚಿಕೊಂಡೆ. ತಾವು ಮತ್ತೆ ಆ ಡಬ್ಬಿಯಲ್ಲಿ ಬಿಡಾರ ಹೂಡುವುದಾದರೆ ಮೊದಲು ದೀಕ್ಷೆ ತೆಗೆದುಕೊಂಡು ಬನ್ನಿ.