ಶಟರಿನ ಮೇಲೊಂದು ಉ

“ಇಡೀ ಊರಿನ ಗುಂಡಿಗಳ ಜಾತಕ ಹೇಳ್ತೀಯ, ನಿನ್ನ ಸ್ವಂತ ಶಟರ್ ಮೇಲೆ ಏನು ಬರ್ದಿದ್ದಾರೆ ಅಂತ ಕಾಣ್ಸಲ್ವೇನೋ, ಕುರುಡ! ಬಾ, ನಿನಗೊಂದು ಕನ್ನಡಕ ಪುಕ್ಕಟೆ ಕೊಡ್ತೀನಿ!”

ಕನ್ನಡಕದ ಅಂಗಡಿಯವನು ಈ ಮಾತನ್ನು ಒಳಗೆ ಕರೆದು ಕಿವಿಯಲ್ಲಿ ಹೇಳಿದ್ದರೆ ಪಿಲ್ಲರ್ ನಕ್ಕು ಸುಮ್ಮನಾಗುತ್ತಿದ್ದ. ಹೇಳಿದ್ದು ನಡುಬೀದಿಯಲ್ಲಿ, ಎಲ್ಲ ಅಂಗಡಿಗಳ ಶಟರು ಏಳುವ ಹೊತ್ತಿನಲ್ಲಿ, ಪಾತ್ರೆ ಅಂಗಡಿಯವನೂ ಟೈಲರಕ್ಕನೂ ಕಿವಿ ತೆರೆದುಕೊಂಡು ನಿಂತಿದ್ದಾಗ. ನಗು ಈ ತುದಿಯಿಂದ ಆ ತುದಿಗೆ, ಕೈಜಾರಿದ ಸ್ಟೀಲ್ ಬಿಂದಿಗೆಯ ಹಾಗೆ, ಸದ್ದು ಮಾಡಿಕೊಂಡು ಉರುಳಿಹೋಯಿತು.

ಪಿಲ್ಲರ್ ಅಂದರೆ ಆ ಬೀದಿಯಲ್ಲಿ ಕೀ ಮಾಡುವವನು. ಹಳೇ ಕಟ್ಟಡವೊಂದರ ಮೆಟ್ಟಿಲ ಕೆಳಗಿನ ಸಂದಿಯೇ ಅವನ ಅಂಗಡಿ. ಅವನು ಒಳಗೆ ಕೂತರೆ ಅವನ ನೆರಳು ಹೊರಗೆ ನಿಲ್ಲಬೇಕು, ಅಷ್ಟೇ ಜಾಗ. ಹೊಟ್ಟೆ ತುಂಬುತ್ತಿದ್ದದ್ದು ಕೀಗಳಿಂದಲೇ ಆದರೂ ಪ್ರಾಣವೆಲ್ಲ ಇದ್ದದ್ದು ಕಟ್ಟಡಗಳ ಮೇಲೆ. ಪೇಟೆಯನ್ನು ಹೊಸದು ಮಾಡುತ್ತೇವೆ ಅಂತ ನಗರಸಭೆ ಸೊಂಟ ಕಟ್ಟಿ ನಿಂತ ದಿನದಿಂದ ಎಲ್ಲಿ ತಗಡಿನ ಬೇಲಿ ಎದ್ದಿತು, ಎಲ್ಲಿ ಪಾಯ ತೋಡಿದರು, ಎಲ್ಲಿ ಕಾಂಕ್ರೀಟ್ ಬಿತ್ತು ಎಂಬುದೆಲ್ಲ ಅವನ ನಾಲಿಗೆಯ ತುದಿಯಲ್ಲಿ. ಬೀಗ ಕೆಟ್ಟು ಬಂದವರನ್ನೂ ಮೊದಲು, “ಟಾಕೀಸ್ ಜಾಗದಲ್ಲಿ ಇನ್ನೊಂದು ಪಿಲ್ಲರ್ ಎದ್ದಿದೆ, ನೋಡಿದ್ರಾ?” ಅಂತ ಕೇಳಿಯೇ ಬೀಗ ಮುಟ್ಟುತ್ತಿದ್ದ. ಹೆಸರು ಹಾಗೇ ಅಂಟಿಕೊಂಡಿತು.

ಊರು ಬೆಳೆಯುತ್ತಿದೆ ಎಂದು ದೊಡ್ಡವರು ಭಾಷಣ ಬಿಗಿಯುತ್ತಿದ್ದರು. ಬೆಳೆಯುವುದು ಅಂದರೆ ಅಗೆಯುವುದು ಅಂತ ಬೀದಿಯವರಿಗೆ ಯಾವತ್ತೋ ಅರ್ಥವಾಗಿತ್ತು. ಚೆನ್ನಾಗಿದ್ದ ಕಲ್ಲು ಕಿತ್ತರು, ಅದೇ ಕಲ್ಲು ತೊಳೆದು ಮತ್ತೆ ಹಾಕಿದರು, ಅದಕ್ಕೊಂದು ರಿಬ್ಬನ್ ಕಟ್ಟಿ ಕತ್ತರಿಸಿದರು. ಪಿಲ್ಲರ್ ಕೊರೆದುಕೊಟ್ಟ ಎಷ್ಟೋ ಕೀಗಳಿಗೆ ಈಗ ಬಾಗಿಲೇ ಇರಲಿಲ್ಲ.

ಅವನು ತಲೆಯೆತ್ತಿ ಅರ್ಧ ಎತ್ತಿದ್ದ ತನ್ನ ಶಟರು ನೋಡಿದ. ಕೆಂಪು ಪೇಂಟಿನಲ್ಲಿ ಅಂಗೈಯಗಲದ ಒಂದು ಅಕ್ಷರ: ಉ. ಯಾರೋ ಕತ್ತಲಿರುವಾಗಲೇ ಬಂದು ಬರೆದುಹೋಗಿದ್ದರು. ಪಕ್ಕದ ಟೈಲರಕ್ಕನ ಬಾಗಿಲ ಮೇಲೆ: ಬಿ. ಅದರಾಚೆ ಕನ್ನಡಕದ ಅಂಗಡಿಯ ಗೋಡೆಯ ಮೇಲೂ: ಬಿ. ಬೀದಿಯ ಉದ್ದಕ್ಕೂ ಒಂದಿಷ್ಟು ಉ, ಒಂದಿಷ್ಟು ಬಿ. ನಡುವಿನ ಸಾಲಿನಲ್ಲಿ ಕೆಲವು ಅಂಗಡಿ ಒಡೆದು ರಸ್ತೆ ಅಗಲ ಮಾಡುತ್ತಾರೆ ಅನ್ನುವುದು ಎಲ್ಲರಿಗೂ ಗೊತ್ತಿದ್ದ ವಿಷಯ. ಯಾವ್ಯಾವುದು ಅನ್ನುವುದು ಮಾತ್ರ ಗೊತ್ತಿರಲಿಲ್ಲ.

“ಉ ಅಂದ್ರೆ ಉರುಳಿಸು,” ಎಂದ ಕನ್ನಡಕದವನು, ತೀರ್ಪು ಕೊಡುವವನ ಹಾಗೆ ಗಂಟಲು ಸರಿಮಾಡಿಕೊಂಡು. “ಬಿ ಅಂದ್ರೆ ಬಿಡು. ಮುಗೀತು ನಿನ್ನ ಕಥೆ.”

ಪಿಲ್ಲರ್‌ಗೆ ನಗು ಬಂತು. ಕಟ್ಟಡದ ವಿಷಯದಲ್ಲಿ ಅವನಿಗೆ ಪಾಠ ಹೇಳುವವರು ಈ ಪೇಟೆಯಲ್ಲಿ ಹುಟ್ಟಿರಲಿಲ್ಲ ಅಂತ ಅವನ ನಂಬಿಕೆ. “ಕನ್ನಡಕದಣ್ಣ, ಉ ಅಂದ್ರೆ ಉಳಿಸು. ಬಿ ಅಂದ್ರೆ ಬೀಳಿಸು.”

“ಬೀಳಿಸು ಅನ್ನೋಕೆ ದೀರ್ಘ ಬೇಕಲ್ವೇನೋ? ಅಲ್ಲಿ ದೀರ್ಘ ಎಲ್ಲಿದೆ?”

“ಅಣ್ಣ, ರಸ್ತೆ ಮಧ್ಯೆ ಮೋರಿ ತೋಡಿ ಮುಚ್ಚೋದೇ ಮರೆತುಹೋಗೋರು, ದೀರ್ಘ ನೆನಪಿಟ್ಕೊಳ್ತಾರಾ? ಅಲ್ದೆ ಒಡೆಯೋಕೆ ಬರೋ ಗಾಡಿ ಹೆಸರೇನು? ಜೆಸಿಬಿ. ಕೊನೇಲಿ ಏನಿದೆ? ಬಿ!”

ಈ ಕೊನೆಯ ಮಾತಿಗೆ ಪಾತ್ರೆ ಅಂಗಡಿಯವನ ಮುಖ ಸ್ವಲ್ಪ ಬಿಳಿಚಿತು. ಅವನ ಬಾಗಿಲ ಮೇಲೂ ಬಿ ಇತ್ತು. ಟೈಲರಕ್ಕ ಬಾಯಲ್ಲಿದ್ದ ದಾರ ಕಚ್ಚಿ ತುಂಡುಮಾಡಿ, “ಇವನ ಮಾತು ಯಾಕೆ ಕೇಳ್ತೀರಿ? ಇವನು ಸುಮ್ನೆ ಬಾಯಿ ಬಡ್ಕೋತಾನೆ,” ಎಂದಳು. ಎಲ್ಲರೂ ಮತ್ತೆ ನಕ್ಕರು.

“ಸಂಜೆಯೊಳಗೆ ಸಾಬೀತು ಮಾಡ್ತೀನಿ!” ಅಂತ ಪಿಲ್ಲರ್ ಶಟರು ಎಳೆದು ಹೊರಟ.

ಚೌಕದಲ್ಲಿ ತಗಡಿನ ಬೇಲಿಯ ಹಿಂದೆ ಕೆಲಸದವರ ಆಫೀಸು. ಬಾಗಿಲಲ್ಲಿ ಕಾವಲುಗಾರ ಕುರ್ಚಿಯ ಮೇಲೆ ಕುರ್ಚಿಯ ಹಾಗೇ ಕೂತಿದ್ದ.

“ಅಣ್ಣ, ಉ ಅಂದ್ರೆ ಏನು?”

“ಉ?”

“ಹೂಂ, ಉ.”

“ಹೂಂ ಅಂದ್ರೆ ಹೌದು ಅಂತ.”

“ಹೂಂ ಅಲ್ಲಣ್ಣ, ಉ, ಉ! ಗೋಡೆ ಮೇಲೆ ಬರ್ದಿರೋದು.”

“ಗೋಡೆ ಮೇಲೆ ಬರೀಬಾರ್ದು, ದಂಡ ಹಾಕ್ತಾರೆ,” ಎಂದು ಕಾವಲುಗಾರ ಕಣ್ಣು ಮುಚ್ಚಿದ.

ಪಿಲ್ಲರ್ ಎದೆಗುಂದಲಿಲ್ಲ. ಅವನ ಹೆಂಡತಿಯ ತಮ್ಮ ನಗರಸಭೆಯಲ್ಲೇ ಕೆಲಸಕ್ಕಿದ್ದ. ಸಾಹೇಬರ ಕೋಣೆಯ ಬಾಗಿಲು ತೆರೆಯುವುದು ಮುಚ್ಚುವುದು ಅವನ ಕೆಲಸವಾದರೂ, ಬಾಗಿಲು ಮುಚ್ಚುವವನಿಗೆ ಗೊತ್ತಿರುವಷ್ಟು ಒಳಗಿನ ಸುದ್ದಿ ಸಾಹೇಬರಿಗೂ ಗೊತ್ತಿರುವುದಿಲ್ಲ. ಪಿಲ್ಲರ್ ಬೇಲಿಯ ಪಕ್ಕದಲ್ಲೇ ನಿಂತು ಫೋನ್ ಹಚ್ಚಿದ.

“ವಿಚಾರಿಸ್ದೆ ಭಾವ,” ಎಂದ ಭಾವಮೈದ ಸ್ವಲ್ಪ ಹೊತ್ತಿಗೆ ವಾಪಸು ಫೋನ್ ಮಾಡಿ. “ಚಿಂತೆ ಮಾಡ್ಬೇಡಿ. ಉ ಅಂದ್ರೆ ಉ…”

ಬೇಲಿಯ ಹಿಂದೆ ಡ್ರಿಲ್ಲಿಂಗ್ ಮಿಷನ್ನು ಶುರುವಾಯಿತು. ಗರ್ರ್ರ್ರ್!

“…ಳಿಸು!”

“ಏನಳಿಸು?”

“ಅದೇ ಭಾವ, ಉ…” ಗರ್ರ್ರ್ರ್! “…ಳಿಸು!”

“ಉಳಿಸೋ, ಉರುಳಿಸೋ?”

“ಹೂಂ, ಅದೇ! ಸಾಹೇಬ್ರು ಬಂದ್ರು, ಇಡ್ತೀನಿ.”

ಫೋನು ಸತ್ತಿತು, ಮಿಷನ್ನೂ ಆ ಕ್ಷಣವೇ ನಿಂತಿತು. ಬೇಕೆಂದೇ ಕಾದಿತ್ತೋ ಏನೋ. ಮತ್ತೆ ಹಚ್ಚಿದರೆ ಭಾವಮೈದನ ಫೋನು ಆಫ್. ಸಾಹೇಬರು ಒಳಗಿರುವಾಗ ಅವನು ಉಸಿರನ್ನೂ ಆಫ್ ಮಾಡಿಕೊಳ್ಳುವವನು.

‘ಚಿಂತೆ ಮಾಡ್ಬೇಡಿ ಅಂದನಲ್ಲ, ಉಳಿಸೇ ಇರಬೇಕು’ ಎಂದುಕೊಂಡ ಪಿಲ್ಲರ್. ಎರಡು ಹೆಜ್ಜೆ ಹಾಕುವಷ್ಟರಲ್ಲಿ, ‘ಇವನು ನನ್ನ ಮದುವೆ ದಿನವೂ ಚಿಂತೆ ಮಾಡ್ಬೇಡಿ ಅಂದಿದ್ದ’ ಅನ್ನುವುದು ನೆನಪಾಯಿತು.

ಅಷ್ಟರಲ್ಲಿ ಹೆಂಡತಿಯ ಫೋನು. ಸುದ್ದಿ ಅವಳಿಗೆ ಟೈಲರಕ್ಕನಿಂದ ಆಗಲೇ ಮುಟ್ಟಿತ್ತು. “ರೀ, ಅಂಗಡಿ ಒಡೀತಾರಂತೆ? ಆ ಸಂದಿ ಹೋದ್ರೆ ಏನು ಮಾಡ್ತೀರಿ? ಮನೇಲಿ ಕೂತ್ಕೊಂಡು ನಮ್ಮನೆ ಪಿಲ್ಲರ್ ಕಾಯ್ತೀರಾ? ನಮ್ಮನೇಲಿ ಪಿಲ್ಲರೂ ಇಲ್ಲ!”

“ಉ ಅಂದ್ರೆ ಉಳಿಸು ಕಣೇ. ನನ್ನ ಮಾತು ಬರ್ದಿಟ್ಕೋ.”

“ಬರ್ದಿಟ್ಟೋರೇ ಈ ಪಾಡಿಗೆ ತಂದಿರೋದು,” ಎಂದು ಅವಳು ಫೋನ್ ಇಟ್ಟಳು.

ಪಿಲ್ಲರ್ ಹಳೇ ಲಾಡ್ಜಿನ ಕಡೆ ತಿರುಗಿದ. ನಿನ್ನೆ ಸಂಜೆ ಅದನ್ನು ಉರುಳಿಸಿದ್ದರು; ಒಡೆಯುವ ಮುಂಚೆ ಅದಕ್ಕೂ ಗುರುತು ಹಾಕಿರಲೇಬೇಕು. ಒಡೆದ ಕಟ್ಟಡವೇ ಸಾಕ್ಷಿ ಹೇಳುತ್ತದೆ: ಅಲ್ಲಿ ಬಿ ಸಿಕ್ಕರೆ ಬಿ ಅಂದರೆ ಬೀಳಿಸು. ಅಷ್ಟು ಸುಲಭ. ಇಂಥ ಯೋಚನೆ ಆ ಬೀದಿಯಲ್ಲಿ ತನಗಲ್ಲದೆ ಇನ್ಯಾರಿಗೂ ಹೊಳೆಯುವುದಿಲ್ಲ ಅಂತ ಅವನಿಗೆ ತನ್ನ ಮೇಲೇ ಪ್ರೀತಿ ಉಕ್ಕಿತು. ಇಟ್ಟಿಗೆ ರಾಶಿಯ ಮೇಲೆ ಹತ್ತಿ, ಮೊಣಕಾಲು ತರಚಿಕೊಂಡು, ಒಂದೊಂದೇ ಗೋಡೆಯ ತುಂಡನ್ನು ಮಗುಚಿ ನೋಡಿದ. ಒಂದು ತುಂಡಿನ ಮೇಲೆ ಕೆಂಪು ಬಣ್ಣ ಕಂಡಿತು. ಧೂಳು ಊದಿದ.

ಉ.

ದೊಡ್ಡದಾಗಿ, ದುಂಡಗೆ, ಕೆಂಪಗೆ. ಪಿಲ್ಲರ್ ಅದರ ಪಕ್ಕದಲ್ಲೇ ಕುಸಿದು ಕೂತ. ಒಡೆದ ಕಟ್ಟಡದ ಮೇಲೆ ಉ. ಅಂದಮೇಲೆ ಕನ್ನಡಕದವನ ಮಾತೇ ನಿಜ. ಉ ಅಂದರೆ ಉರುಳಿಸು. ಬೆಳಿಗ್ಗೆಯಿಂದ ಎದೆಯುಬ್ಬಿಸಿ ಹೇಳಿದ್ದೆಲ್ಲ ಬಾಯೊಳಗೆ ಸುಣ್ಣದ ಪುಡಿಯಾಯಿತು.

ಆದರೆ ಪಿಲ್ಲರ್ ಅಳುತ್ತ ಕೂರುವ ಆಸಾಮಿಯಲ್ಲ. ಒಂದು ಅಕ್ಷರದಿಂದ ಹೋಗುವ ಅಂಗಡಿ ಇನ್ನೊಂದು ಅಕ್ಷರದಿಂದ ಉಳಿಯಬೇಕಲ್ಲ? ನೇರ ಪೇಂಟ್ ಅಂಗಡಿಗೆ ನಡೆದ.

“ಕೆಂಪು ಒಂದು ಚಿಕ್ಕ ಡಬ್ಬಿ, ಒಂದು ಬ್ರಷ್ಷು. ಅಳಿಸೋಕೆ ಥಿನ್ನರ್ರು.”

“ಏನ್ರಪ್ಪಾ ನಿಮ್ಮ ಬೀದಿಗೆ ಇವತ್ತು ಕೆಂಪಿನ ಹುಚ್ಚು!” ಎಂದ ಪೇಂಟ್ ಅಂಗಡಿಯವನು. “ಇದು ಕೊನೇ ಡಬ್ಬಿ ನೋಡು.”

ಪಿಲ್ಲರ್‌ನ ಕಿವಿ ಬೀದಿಯಲ್ಲಿತ್ತು, ತಲೆ ಶಟರಿನಲ್ಲಿತ್ತು. ಮಾತು ಹಾಗೇ ಜಾರಿಹೋಯಿತು.

ಬೀದಿಗೆ ಬಂದಾಗ ಊಟದ ಹೊತ್ತು. ಅಂಗಡಿಗಳೆಲ್ಲ ಅರ್ಧ ಎಳೆದಿದ್ದವು, ಬಾಗಿಲು ಗೋಡೆಗಳೆಲ್ಲ ಮುಚ್ಚುವ ಹಾಗೆ ಬಿಸಿಲಿನ ಪರದೆ ಇಳಿಬಿಟ್ಟಿದ್ದರು. ಯಾರೂ ಹೊರಗಿರಲಿಲ್ಲ. ಪಿಲ್ಲರ್ ಗೋಡೆಗೆ ಹಲ್ಲಿಯಂತೆ ಅಂಟಿಕೊಂಡು ಹೋಗಿ ತನ್ನ ಶಟರಿನ ಉ ಒರೆಸಿದ, ಅದೇ ಜಾಗದಲ್ಲಿ ಬಿ ಬರೆದ. ಕೀ ಕೊರೆಯುವ ಕೈ. ಬಿ ಅಷ್ಟು ಮುದ್ದಾಗಿ ಬಂದಿತ್ತು ಅಂದರೆ ನಗರಸಭೆಯವರು ಬರೆದದ್ದೇ ನಕಲಿ ಅನ್ನಿಸುತ್ತಿತ್ತು. ಅಂಗಡಿಯೊಳಗೆ ನುಸುಳಿ ಕೂತು ಬೀಗಕ್ಕೆ ಎಣ್ಣೆ ಬಿಡತೊಡಗಿದ. ಸಾಬೀತು ಮಾಡುತ್ತೇನೆ ಅಂದದ್ದು ಯಾರಿಗಾದರೂ ನೆನಪಿದ್ದರೆ, ಕೆಲಸ ಜಾಸ್ತಿ ಇತ್ತು ಅಂದರಾಯಿತು.

ಬಿಸಿಲು ಇಳಿಯುವ ಹೊತ್ತಿಗೆ ಎಂಜಿನಿಯರು ಬಂದ. ಹಳದಿ ಟೋಪಿ, ಕೈಯಲ್ಲಿ ಫೋನು, ಹಿಂದೆ ಜೆಸಿಬಿಯ ಡ್ರೈವರು. ಗುರುತು ಹಾಕಿಸಿದ್ದ ಎಂಜಿನಿಯರಿಗೆ ಮಧ್ಯಾಹ್ನವೇ ವರ್ಗವಾಗಿತ್ತಂತೆ, ಇವನು ಹೊಸಬ. ಬೀದಿಯ ಆ ತುದಿಯಿಂದ ಒಂದೊಂದೇ ಪರದೆ ಸರಿಸಿ, ಒಂದೊಂದೇ ಬಾಗಿಲು ನೋಡಿ, ಫೋಟೋ ಹೊಡೆಯುತ್ತ ಬಂದ. ಬಂದಂತೆಲ್ಲ ಅವನ ಹುಬ್ಬು ಮೇಲೇರುತ್ತಿತ್ತು. ಬೀದಿಯವರೆಲ್ಲ ಹಿಂದೆ ಹಿಂದೆ ನಡೆದು ಬಂದರು. ಪಿಲ್ಲರ್‌ನ ಶಟರಿನ ಮುಂದೆ ಎಂಜಿನಿಯರು ನಿಂತ. ಫೋಟೋ ಹೊಡೆದ. ಕಳಿಸಿದ.

“ಇದೊಂದೇನಾ?” ಎಂದ. “ಇಡೀ ಬೀದೀಲಿ ಬೀಳಿಸೋದು ಈ ಗೂಡೊಂದೇ! ಇದಕ್ಕೆ ಜೆಸಿಬಿ ಬೇರೆ ತರಿಸಿದ್ದಾರೆ. ಏಯ್, ನಾಳೆ ಬೆಳಿಗ್ಗೆಯೊಳಗೆ ಸಾಮಾನು ಎತ್ಕೋಬೇಕು.”

“ಸಾರ್… ಬಿ ಅಂದ್ರೆ ಬಿಡು ಅಲ್ವಾ ಸಾರ್?”

“ಬೀಳಿಸು.”

“ಅದಕ್ಕೆ ದೀರ್ಘ ಬೇಕಲ್ವಾ ಸಾರ್?”

“ದೀರ್ಘ ಎಲ್ಲ ಆಫೀಸಲ್ಲಿ ಕಣಪ್ಪ. ಫೀಲ್ಡಲ್ಲಿ ಪೇಂಟ್ ಉಳಿಸ್ಬೇಕು.”

“ಹಾಗಾದ್ರೆ ಉ?”

“ಉಳಿಸು. ಇಷ್ಟೂ ಗೊತ್ತಾಗಲ್ವಾ?”

ಪಿಲ್ಲರ್ ಬೀದಿಗೆ ಇಳಿದು ನೋಡಿದ. ಟೈಲರಕ್ಕನ ಬಾಗಿಲ ಮೇಲೆ ಉ. ಕನ್ನಡಕದ ಅಂಗಡಿಯ ಗೋಡೆಯ ಮೇಲೆ ಉ. ಪಾತ್ರೆ ಅಂಗಡಿಯ ಮೇಲಿನ ಉ ಇನ್ನೂ ಒಣಗದೆ ಕೆಳಗೆ ಸೋರುತ್ತಿತ್ತು. ಕಣ್ಣು ಹಾಯುವ ತನಕ ಉ, ಉ, ಉ. ಬೆಳಿಗ್ಗೆ ಅವನ ಮಾತಿಗೆ ಹಲ್ಲು ಕಿರಿದವರೆಲ್ಲ, ಅವನು ಬೆನ್ನು ತಿರುಗಿಸಿದ್ದೇ ತಡ, ಪೇಂಟ್ ಅಂಗಡಿಗೆ ಓಡಿದ್ದರು.

“ಸಾರ್, ನಂದು ಬೆಳಿಗ್ಗೆ ಉ ಇತ್ತು ಸಾರ್! ಟೈಲರಕ್ಕ, ನೀವೇ ಹೇಳಿ, ಉ ಇತ್ತಲ್ವಾ?”

ಟೈಲರಕ್ಕ ಎರಡೂ ಕೈ ಸೆರಗಿನೊಳಗೆ ಬಚ್ಚಿಟ್ಟುಕೊಂಡು, “ನಾನು ಹೊಲಿಗೆಯಿಂದ ತಲೆ ಎತ್ತಿದ್ರೆ ತಾನೆ ನೋಡೋಕೆ?” ಎಂದಳು. ಪಾತ್ರೆ ಅಂಗಡಿಯವನು ಆಕಾಶ ನೋಡಿದ.

“ನಕ್ಷೆ ನೋಡಿ ಸಾರ್, ನಕ್ಷೇಲಿ ಇರುತ್ತೆ!”

“ನಕ್ಷೆ ಹೆಡ್ಡಾಫೀಸಲ್ಲಿದೆ. ನಾನು ಗೋಡೆ ನೋಡಿ ಕೆಲಸ ಮಾಡೋನು. ಫೋಟೋ ಆಗ್ಲೇ ಹೋಯ್ತು,” ಎಂದ ಎಂಜಿನಿಯರು. ಎದುರಿಗೆ ನಿಂತವನ ಮುಖ ನೋಡದೆ ಗೋಡೆ ನೋಡುವುದಕ್ಕೇ ಸಂಬಳ ತೆಗೆದುಕೊಳ್ಳುವ ಜಾತಿ ಅದು. ಬಂದ ಹಾಗೇ ಹೋದ.

ಭಾವಮೈದ ಏದುಸಿರು ಬಿಡುತ್ತ ಬಂದದ್ದು ಆಗ. “ಏನ್ ಭಾವ, ಬೆಳಿಗ್ಗೇನೇ ಅಷ್ಟು ಕಿರುಚಿ ಹೇಳಿದ್ನಲ್ಲ, ಉಳಿಸು ಅಂತ!”

“ಲಾಡ್ಜಿನ ಗೋಡೇಲಿ ಉ ಇತ್ತು ಕಣೋ! ನನ್ನ ಕಣ್ಣಾರೆ ನೋಡ್ದೆ, ಕೆಂಪಗೆ, ಇಷ್ಟು ದೊಡ್ಡದು! ಅದನ್ಯಾಕೆ ಒಡೆದ್ರು ಮತ್ತೆ?”

ಕನ್ನಡಕದವನು, ಅವಸರವಿಲ್ಲದೆ, ಒಂದೊಂದೇ ಅಕ್ಷರ ಬಿಡಿಸಿ ಕೇಳಿದ:

“ಲಾಡ್ಜಿನ ಮುಂದಿನ ಗೋಡೆ ಮೇಲೆ ನಾವೆಲ್ಲ ಚಿಕ್ಕವರಿದ್ದಾಗಿನಿಂದ ಕೆಂಪಕ್ಷರದಲ್ಲಿ ಏನು ಬರೆದಿತ್ತೋ, ಪಿಲ್ಲರ್? ‘ಊಟ, ಉಪಾಹಾರ’ ಅಂತಲ್ವಾ?”

ಈ ಸಲದ ನಗುವಿಗೆ ಬಿಂದಿಗೆಯೊಂದೇ ಸಾಲದು, ಪಾತ್ರೆ ಅಂಗಡಿಯೇ ಮಗುಚಿಕೊಂಡ ಹಾಗಿತ್ತು.

ಕನ್ನಡಕದವನು ಒಳಗೆ ಹೋಗಿ ಕಣ್ಣು ಪರೀಕ್ಷೆಯ ಬೋರ್ಡು ಎತ್ತಿಕೊಂಡು ಬಂದು ಬಾಗಿಲಿಗೆ ಆನಿಸಿದ. ಅವನ ಬೆರಳ ಸಂದಿಯಲ್ಲಿ ಕೆಂಪು ಪೇಂಟು ಇನ್ನೂ ಹಸಿಯಾಗಿತ್ತು. ಒಂದು ಕುರ್ಚಿಯನ್ನೂ ಎಳೆದು ಹಾಕಿದ.

“ಬಾ, ಕೂತ್ಕೋ. ಪುಕ್ಕಟೆ ಅಂದಿದ್ದೆ, ಮಾತು ತಪ್ಪಲ್ಲ. ಎಲ್ಲಿ, ಮೇಲಿನ ಸಾಲಿನ ಈ ಅಕ್ಷರ ಯಾವುದು ಹೇಳು ನೋಡೋಣ?”

ಬೆರಳು ಇದ್ದದ್ದು ಉ ಮೇಲೆ. ಪಿಲ್ಲರ್‌ಗೆ ಅದು ಅಲ್ಲಿಂದಲೇ, ಕನ್ನಡಕವಿಲ್ಲದೆ, ಚೆನ್ನಾಗಿ ಕಾಣುತ್ತಿತ್ತು. ಅವನು ಮೊಳೆಗೆ ನೇತುಹಾಕಿದ್ದ ಕೀಗಳ ಗೊಂಚಲು ಕಿತ್ತು ಹೆಗಲಿಗೆ ಹಾಕಿಕೊಂಡ, ಶಟರನ್ನು ಬಿ ಪೂರ್ತಿ ಕಾಣುವ ತನಕ ಕೆಳಗೆಳೆದ, ಬೀಗ ಹಾಕಲಿಲ್ಲ. ಕೀಗಳನ್ನು ಝಲ್ ಝಲ್ ಅನ್ನಿಸುತ್ತ, ಉ ಉ ಉ ಎನ್ನುತ್ತಿದ್ದ ಗೋಡೆಗಳ ನಡುವೆ, ನಡೆದುಹೋದ.