ಅಟ್ಟಕ್ಕೆ ಹಾಕಿದ ಪ್ರವಾಸ

ಪ್ರವಾಸ ಮಾಡಿದವರು ಊರಿಗೆ ಹತ್ತು ಜನ ಸಿಗುತ್ತಾರೆ. ಆದರೆ ಪ್ರವಾಸಕ್ಕೆ ತಯಾರಿ ಮಾಡುವುದರಲ್ಲಿ ನಮ್ಮ ಭಾವನನ್ನು ಮೀರಿಸಿದವರು ಇಡೀ ತಿಪಟೂರು ತಾಲ್ಲೂಕಿನಲ್ಲಿ ಯಾರಾದರೂ ಇದ್ದರೆ ಕರೆದುಕೊಂಡು ಬನ್ನಿ, ನಾನೇ ಹಾರ ಹಾಕುತ್ತೇನೆ! ಎರಡು ಮೂರು ದಿನದಲ್ಲಿ ಮುಗಿಯುವ ಸಣ್ಣದೊಂದು ಪ್ರವಾಸಕ್ಕೆ ಅವರು ಎಷ್ಟೋ ಚಳಿಗಾಲ ತಯಾರಿ ಮಾಡಿದರು. ಹೊರಡುವುದೊಂದು ಬಾಕಿ ಇತ್ತು.

ಭಾವ ಎಂದರೆ ನನ್ನ ಅಕ್ಕನ ಗಂಡ. ಬಿಳಿಗೆರೆಯಲ್ಲಿ ತೆಂಗಿನ ತೋಟ, ಎರಡು ಹಸು, ಕಾಯಿ ತುಂಬಿದ ಅಟ್ಟ. ಪ್ರವಾಸದ ಆಸೆ ಮೊದಲು ಹುಟ್ಟಿದ್ದು ಅವರಿಗಲ್ಲ, ಅವರ ಜೀವದ ಗೆಳೆಯ ಮೇಷ್ಟ್ರಿಗೆ. ಮೇಷ್ಟ್ರು ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿ, ರಿಟೈರಾಗಿ, ಭಾವನ ಹಿಂದಿನ ಬೀದಿಯಲ್ಲೇ ಇದ್ದರು. ಸರ್ವೀಸಿನುದ್ದಕ್ಕೂ ಬೋರ್ಡಿನ ಮೇಲೆ ಕೇರಳದ ನಕ್ಷೆ ಬರೆದವರು, ಒಂದು ದಿನವೂ ಕೇರಳದ ಗಡಿ ದಾಟಿದವರಲ್ಲ. ಒಂದು ಸಂಜೆ ಭಾವನ ಜಗಲಿಯ ಮೇಲೆ ಕೂತು ಹೇಳಿದರು: "ಕಾಲು ಗಟ್ಟಿ ಇರೋವಾಗ್ಲೇ ಒಂದ್ಸಲ ವಯನಾಡಿನ ಬೆಟ್ಟ ಹತ್ಬೇಕು ಕಣ್ರೀ. ಮಾಗಿ ಚಳೀಲಿ, ಬೆನ್ನಿಗೊಂದು ಬ್ಯಾಗ್ ಹಾಕ್ಕೊಂಡು, ಕಾಲೇಜು ಹುಡುಗರ ಥರ. ತುದೀಲಿ ನಿಂತ್ಕೊಂಡು ಒಂದ್ಸಲ ಕೆಳಗೆ ನೋಡ್ಬೇಕು, ಅಷ್ಟೇ." ನಾನೂ ಬರುತ್ತೇನೆಂದೆ. ತಿಪಟೂರಿನ ನನ್ನ ಎಲೆಕ್ಟ್ರಿಕಲ್ ಅಂಗಡಿಗೆ ಮೂರು ದಿನ ಬೀಗ ಬಿದ್ದರೆ ಊರೇನು ಕತ್ತಲಾಗುತ್ತದೆಯೇ?

"ಹೋಗಾಣ ಬುಡಿ ಮೇಷ್ಟ್ರೇ. ಎಲ್ಲಾ ನಂಗ್ ಬುಡಿ" ಎಂದರು ಭಾವ. ಬಿಟ್ಟೆವು. ಅಲ್ಲಿಗೆ ಕೆಟ್ಟಿತು!

ಮೊದಲು ಬ್ಯಾಗು ಬಂತು. ನೀಲಿ ಬಣ್ಣದ್ದು, ಎಲ್ಲೆಲ್ಲೂ ಜಿಪ್ಪು, ಸೊಂಟಕ್ಕೊಂದು ಪಟ್ಟಿ. ಬೆನ್ನಿಗೆ ಭಾರ ಅಭ್ಯಾಸವಾಗಬೇಕೆಂದು ಭಾವ ಅದರ ತುಂಬ ಸುಲಿದ ತೆಂಗಿನಕಾಯಿ ತುಂಬಿಕೊಂಡು ಬೆಳಿಗ್ಗೆ ಬೆಳಿಗ್ಗೆ ಕೆರೆ ಏರಿಯ ಮೇಲೆ ನಡೆಯತೊಡಗಿದರು. ಪಂಚೆ ಎತ್ತಿ ಕಟ್ಟಿ, ತಲೆಗೆ ಮಂಕಿ ಟೋಪಿ ಹಾಕಿ, ಬೆನ್ನಿಗೆ ನೀಲಿ ಗಂಟು! ಎದುರಿಗೆ ಸಿಕ್ಕ ಅಜ್ಜಿಯೊಬ್ಬಳು ಅಲ್ಲಿಂದ ಸೀದಾ ಅಕ್ಕನ ಮನೆಗೆ ಬಂದು, "ಏನೇ, ಗಂಡಂಗೆ ಏನಂದೆ ನೀನು? ಗಂಟು ಕಟ್ಕೊಂಡು ಹೊಂಟೋಯ್ತಾವ್ನಲ್ಲೇ!" ಎಂದು ಅಕ್ಕನನ್ನೇ ತರಾಟೆಗೆ ತೆಗೆದುಕೊಂಡಳು. ಅಕ್ಕ ಕಾಫಿ ಕೊಟ್ಟು ಸಮಾಧಾನ ಮಾಡಿದಳು: "ಎಲ್ಲಿಗೂ ಹೋಗಕಿಲ್ಲ ಕಣಜ್ಜಿ. ಹೋಗೋ ಆಸಾಮಿಯಾಗಿದ್ರೆ ನಾನ್ಯಾಕೆ ಹಿಂಗಿರ್ತಿದ್ದೆ?"

ಏರಿ ಸಾಲದೆಂದು ಒಂದು ದಿನ ಬ್ಯಾಗು ಹೊತ್ತು ಬಸ್ಸಿನಲ್ಲಿ ಕಂದಿಕೆರೆಯ ನೆಂಟರ ಮನೆಗೇ ಹೋದರು. ಮನೆಗೆ ಬಂದ ನೆಂಟ ಕಾಯಿ ತಂದಿದ್ದಾನೆಂದರೆ ಅದು ಯಾರಿಗೆ? ಭಾವ ಕೈಕಾಲು ತೊಳೆದುಕೊಂಡು ಬರುವಷ್ಟರಲ್ಲಿ ಬ್ಯಾಗು ಖಾಲಿ! ಕೇಳಲು ಸಂಕೋಚ. ಹೊರಡುವಾಗ ಅವರೂ ಬರಿಗೈಲಿ ಕಳಿಸಬಾರದೆಂದು ಅದೇ ಬ್ಯಾಗಿಗೆ ಸೊಗಡಿನ ಅವರೆಕಾಯಿ ಬಿಗಿದು ತುಂಬಿದರು. ಮನೆಯಲ್ಲಿ ಅವರೆಕಾಯಿ ಬಿಡಿಸುತ್ತಾ ಅಕ್ಕ, "ರೀ, ಇಂಥಾ ಟ್ರೈನಿಂಗು ವಾರಕ್ಕೊಂದ್ಸಲ ಮಾಡ್ರೀ" ಎಂದಳು.

ಆಮೇಲೆ ಸಾಮಾನಿನ ಚರ್ಚೆ. ಮೇಷ್ಟ್ರು ಸ್ವೆಟರು, ಟಾರ್ಚು ಎನ್ನುತ್ತಿದ್ದರೆ ಭಾವ, "ಒಂದತ್ತು ಕಾಯಿ" ಎಂದು ಸೇರಿಸಿದರು.

"ಸ್ವಾಮಿ, ನಾವು ಹೋಗ್ತಿರೋದು ಕೇರಳಕ್ಕೆ! ಅಲ್ಲಿಗೆ ತೆಂಗಿನಕಾಯಾ?"

"ಅವ್ರ ಕಾಯಿ ಅವ್ರಿಗೆ ಕಣ್ರೀ. ನಂಗೆ ಚಟ್ನಿಗೆ ನಮ್ ತೋಟದ್ದೇ ಆಗ್ಬೇಕು. ಊರು ಬಿಟ್ ಊರಿಗೋಗಿ ಹೊಟ್ಟೆ ಕೆಡಿಸ್ಕಳಾಕಾಯ್ತದಾ?"

ಮೇಷ್ಟ್ರು ನಕ್ಕು ನಕ್ಕು ಕನ್ನಡಕ ಒರೆಸಿಕೊಂಡರು. "ಆಯ್ತು, ಕಾಯಿ ನಾನೇ ಹೊರ್ತೀನಿ. ಯಾವತ್ತು ಹೊರಡೋದು ಹೇಳಿ" ಎಂದರು. ಭಾವ ಗಲ್ಲ ಕೆರೆದುಕೊಂಡು, "ಇನ್ನೂ ನೀರೈತೆ ಬುಡಿ" ಎಂದರು.

ಈ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕಡೆ ಉಂಡೆ ಕೊಬ್ಬರಿ ಮಾಡುವವರ ಬದುಕೆಲ್ಲ ಕಾಯುವುದೇ. ಕಿತ್ತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿದರೆ ವರ್ಷದ ತನಕ ಅದರ ತಂಟೆಗೆ ಹೋಗುವಂತಿಲ್ಲ. ಒಳಗಿನ ನೀರು ತಾನಾಗಿ ಬತ್ತಬೇಕು, ತಿರುಳು ಚಿಪ್ಪು ಬಿಡಬೇಕು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಾಗ ಒಳಗೆ ಲೊಟಲೊಟ ಎಂದರೆ ಹದಕ್ಕೆ ಬಂತೆಂದು ಅರ್ಥ. ಅವಸರ ಪಟ್ಟು ಒಡೆದರೆ ಅತ್ತ ಕಾಯಿಯೂ ಅಲ್ಲ, ಇತ್ತ ಕೊಬ್ಬರಿಯೂ ಅಲ್ಲ. ಭಾವ ಈ ನಿಯಮವನ್ನು ಇಡೀ ಪ್ರಪಂಚಕ್ಕೆ ಹಾಕಿಬಿಟ್ಟಿದ್ದರು! ನನ್ನ ಅಂಗಡಿಯಿಂದ ಒಯ್ದ ಫ್ಯಾನು "ಬೇಸಿಗೆ ಬಲೀಲಿ" ಎಂದು ಡಬ್ಬಿಯಲ್ಲೇ ಕೂತಿತ್ತು. ಬೇಸಿಗೆ ಬಲಿತು, ಮಳೆಯೂ ಬಂತು. ಪ್ರವಾಸವನ್ನು ಅವರು ಹಾಗೇ ಅಟ್ಟಕ್ಕೆ ಹಾಕಿದ್ದರು.

ಒಂದು ಚಳಿಗಾಲ ಹಸು ಗಬ್ಬವಾಗಿತ್ತು. ಮುಂದಿನ ಸಲ, ಕೈಗೆ ಸಿಗದೆ ಸತಾಯಿಸುತ್ತಿದ್ದ ಕೊಬ್ಬರಿ ಸುಲಿಯುವವರು ಸರಿಯಾಗಿ ಅದೇ ವಾರ ಬಂದರು. ಅದರಾಚೆಯ ಸಲ ಬ್ಯಾಗಿಗೇ ಗ್ರಹಚಾರ. ಕಾಯಿ ಹೊತ್ತು ಹೊತ್ತು ಕೊಬ್ಬರಿ ವಾಸನೆ ಹಿಡಿದಿದ್ದ ಅದನ್ನು ಅಟ್ಟದಲ್ಲೇ ಇಟ್ಟಿದ್ದರಲ್ಲ, ಇಲಿಗಳು ಬಿಡುತ್ತವೆಯೇ? ತೂತಿಗೆ ಗೋಣಿಚೀಲದ ತೇಪೆ ಹಾಕಿ ಹೊಲಿಯುವಷ್ಟರಲ್ಲಿ ಚಳಿಯೇ ಹೋಯಿತು. ಮೇಷ್ಟ್ರು ಪ್ರತಿ ಸಲವೂ ಸ್ವೆಟರನ್ನು ಮಡಚಿ ಬೀರುವಿನಲ್ಲಿಟ್ಟು, "ಮುಂದಿನ್ವರ್ಷ ಹೋದ್ರಾಯ್ತು ಬಿಡಿ" ಎನ್ನುತ್ತಿದ್ದರು.

ಒಂದೇ ಒಂದು ಸಲ ನಿಜವಾಗಿ ಹೊರಟೆವು. ತಿಪಟೂರು ಬಸ್ ಸ್ಟ್ಯಾಂಡಿನ ತನಕ! ಮೈಸೂರಿನ ಬಸ್ಸು ಬಂತು. ಮೇಷ್ಟ್ರು ಎಲ್ಲರಿಗಿಂತ ಮೊದಲು ಹತ್ತಿ ಕಿಟಕಿ ಪಕ್ಕ ಕೂತು, ನಮಗೆ ಟವೆಲ್ ಹಾಸಿ ಸೀಟು ಹಿಡಿದರು. ಭಾವ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನಿಂತೇಬಿಟ್ಟರು.

"ಲೋ, ಅಟ್ಟದ್ ಬಾಗ್ಲು ಹಾಕಿದ್ನೇನೋ?"

"ಅಕ್ಕ ಇದ್ದಾಳಲ್ಲ ಭಾವ, ಹತ್ತಿ!"

"ಅವ್ಳಿಗೇನ್ ಗೊತ್ತು? ಕೋತಿ ಬಂದ್ಬುಟ್ರೆ?"

ಕಂಡಕ್ಟರು ಸೀಟಿ ಊದಿದ. ಭಾವ ಕಾಲು ತೆಗೆದರು. ಮೇಷ್ಟ್ರು ಟವೆಲ್ ಮಡಚಿಕೊಂಡು ಸದ್ದಿಲ್ಲದೆ ಇಳಿದರು. ಅಕ್ಕನಿಗೆ ಫೋನು ಮಾಡಿದರೆ ಅಟ್ಟದ ಬಾಗಿಲು ಭದ್ರವಾಗಿ ಹಾಕಿತ್ತು, ಕೋತಿಯ ಸುಳಿವೂ ಇರಲಿಲ್ಲ. ಮೂವರೂ ಎದುರಿನ ಹೋಟೆಲಿನಲ್ಲಿ ಇಡ್ಲಿ ತಿಂದೆವು. ಭಾವ ಚಟ್ನಿ ನೆಕ್ಕಿ ನೋಡಿ, "ನೋಡ್ದಾ, ಹಳೇ ಕಾಯಿ. ತಿಪಟೂರಲ್ಲೇ ಹಿಂಗಾದ್ರೆ ಕೇರಳದಾಗೆ ಏನ್ಗತಿ?" ಎಂದರು. ಆಗ ಮೇಷ್ಟ್ರೂ ನಕ್ಕರು, ನಾನೂ ನಕ್ಕೆ. ಈಗ ಆ ಬಸ್ಸು ನೆನಪಾದರೆ ನಗು ಬರುವುದಿಲ್ಲ.

ಮುಂದೆ ಬಂದ ಮಳೆಗಾಲದಲ್ಲಿ ಮೇಷ್ಟ್ರಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಎರಡೂ ಬಿದ್ದುಹೋದವು. ಮಾತು ತೊದಲಾಯಿತು. ಆಸ್ಪತ್ರೆಯಿಂದ ಮನೆಗೆ ಕರೆತಂದಾಗ ಊರೆಲ್ಲ ಹೋಗಿ ನೋಡಿ ಬಂತು, ಹಿಂದಿನ ಬೀದಿಯಲ್ಲೇ ಇದ್ದ ಭಾವ ಮಾತ್ರ ಹೋಗಲಿಲ್ಲ. "ಊಟಾನೂ ಸರಿಯಾಗ್ ಮಾಡ್ತಿಲ್ಲ ಕಣೋ, ನೀನಾದ್ರೂ ಬಾ" ಎಂದು ಅಕ್ಕ ಕರೆದಳು. ಹೋದೆ. ಭಾವ ಅಟ್ಟದಲ್ಲಿ ಕಾಯಿ ರಾಶಿಯ ನಡುವೆ ಕೂತಿದ್ದರು. ಮುಂದೆ ಒಡೆದ ಕಾಯೊಂದು ಬಿದ್ದಿತ್ತು. ಒಳಗೆ ಕೊಬ್ಬರಿ ಇರಲಿಲ್ಲ, ಹುಳು ತಿಂದು ಬಿಟ್ಟ ಹಿಟ್ಟಿತ್ತು.

"ಮೂಲೇಲಿತ್ತು ಕಣಪ್ಪ. ನೋಡ್ಲೇ ಇಲ್ಲ ನಾನು" ಎಂದರು. ಆಮೇಲೆ ತಡೆಯಲಾರದೆ, "ಹೋಗ್ಬೇಕಿತ್ತು ಕಣ್ಲಾ. ಬಸ್ಸಲ್ಲಿ ಕೂತಿದ್ರಲ್ಲೋ ಅವ್ರು! ನಾನೊಬ್ಬ ಹತ್ತಿದ್ರೆ ಆಗೋಗದು" ಎಂದು ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಭಾವ ಅಳುವುದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ಮಾರನೆಯ ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬಂದವರೇ ಅಟ್ಟದಿಂದ ತೇಪೆಯ ಬ್ಯಾಗು ಇಳಿಸಿ, ಬೆನ್ನಿಗೆ ಹಾಕಿಕೊಂಡು, ಮಂಕಿ ಟೋಪಿ ಸಮೇತ ಮೇಷ್ಟ್ರ ಮಂಚದ ಮುಂದೆ ನಿಂತರಂತೆ. "ಹತ್ತಿ ಮೇಷ್ಟ್ರೇ, ಮೈಸೂರ್ ಬಸ್ ಬಂತು!" ಮೇಷ್ಟ್ರ ಹೆಂಡತಿ ಇವರಿಗೆ ತಲೆ ಕೆಟ್ಟಿತೆಂದು ಹೆದರಿದರು. ಮೇಷ್ಟ್ರು ಮಾತ್ರ ಎಡಗೈಯಿಂದ ಪಕ್ಕದಲ್ಲಿ ಜಾಗ ತೋರಿಸಿದರು.

ಅಂದಿನಿಂದ ದಿನಾ ಪ್ರಯಾಣ, ಮಂಚದ ಮೇಲೆ ಕೂತು ಮಾತಿನಲ್ಲೇ. ಗುಂಡ್ಲುಪೇಟೆಯಲ್ಲಿ ಟೀ ಆಯಿತು, ಬಂಡೀಪುರದಲ್ಲಿ ಆನೆ ಅಡ್ಡ ಬಂತು, ಚೆಕ್ ಪೋಸ್ಟಿನಲ್ಲಿ ಪೊಲೀಸಿನವರು ಬ್ಯಾಗು ಬಿಚ್ಚಿಸಿ ಕಾಯಿ ನೋಡಿ ಬಿದ್ದು ಬಿದ್ದು ನಕ್ಕರು! ದಾರಿ ತಪ್ಪಿ ಹೇಳಿದರೆ ಮೇಷ್ಟ್ರು ಎಡಗೈಯಲ್ಲಿ ಗಾಳಿಯಲ್ಲೇ ನಕ್ಷೆ ಬರೆದು ತಿದ್ದುತ್ತಿದ್ದರು. ಬೆಟ್ಟದ ಬುಡ ಸೇರಿದ ಮೇಲೆ ಭಾವ, "ಹತ್ತಿ ಹತ್ತಿ ಕಾಲು ಬಿದ್ದೋಗಿರ್ತವೆ" ಎನ್ನುತ್ತಾ ಮನೆಯ ಕೊಬ್ಬರಿ ಎಣ್ಣೆ ಬಿಸಿ ಮಾಡಿಸಿ ಆ ಬಲಗಾಲನ್ನು ತಿಕ್ಕತೊಡಗಿದರು.

ಮೊನ್ನೆ ಭಾನುವಾರ ನಾನೂ ಜೊತೆಗೆ ಹೋಗಿದ್ದೆ. ಮಾಗಿ ಚಳಿ ಶುರುವಾಗಿದೆ. ಮೇಷ್ಟ್ರಿಗೆ ಹಳೇ ಸ್ವೆಟರು ತೊಡಿಸಿದ್ದರು. ನಮ್ಮನ್ನು ಕಂಡೊಡನೆ ಮುಖ ಅರಳಿಸಿಕೊಂಡು, "ಇವತ್ತು... ತುದಿ?" ಎಂದು ತೊದಲಿದರು.

ಭಾವ ಕಿಟಕಿಯಾಚೆ ನೋಡಿದರು. ಬಿಸಿಲು ಚೆನ್ನಾಗಿತ್ತು. "ಇವತ್ತು ಬ್ಯಾಡಿ ಮೇಷ್ಟ್ರೇ, ಮೇಲೆ ಭಾರೀ ಮಂಜೈತೆ. ಇಷ್ಟು ದೂರ ಬಂದೂ ಏನೂ ಕಾಣಲ್ಲ. ನಾಳೆ ನೋಡಾಣ" ಎಂದು ಎಣ್ಣೆ ಬಟ್ಟಲು ಎತ್ತಿಕೊಂಡರು.

ಹೊರಗೆ ಬಂದಾಗ ನನಗೆ ರೇಗಿತು. "ಭಾವ, ಬಾಯಲ್ಲಿ ಹೋಗೋ ಟೂರಿಗೂ ನಾಳೇನಾ? ಇಲ್ಲಿ ಹಸು ಇಲ್ಲ, ಕೋತಿ ಇಲ್ಲ. ಪಾಪ, ಒಂದ್ಸಲ ತುದಿ ಮುಟ್ಟಿಸಬಾರದಾ?"

ಭಾವ ಬ್ಯಾಗಿನ ಪಟ್ಟಿ ಸರಿಮಾಡಿಕೊಳ್ಳುತ್ತಾ ನಿಂತರು. "ಮುಟ್ಟಿಸ್ಬುಟ್ರೆ ಮುಗೀತಲ್ಲಪ್ಪಾ. ಇವತ್ತು ಎಲ್ಲಿಗೋಗ್ತೀವಿ ಅಂತ ದಿನಾ ಬೆಳಿಗ್ಗೆ ಕಾಯ್ತಾರೆ ಕಣೋ ಅವ್ರು. ತುದಿ ನೋಡಿದ್ ಮಾರ್ನೇ ದಿನ ಯಾಕ್ ಕಣ್ ಬುಡ್ಬೇಕು?"

ಇಷ್ಟು ವರ್ಷ ಅವರ ನಾಳೆಗಳನ್ನು ಬೈದುಕೊಂಡೇ ಬಂದವನು ನಾನು. ಅವರ ಬೆನ್ನಿನಿಂದ ಬ್ಯಾಗು ತೆಗೆದು ನನ್ನ ಹೆಗಲಿಗೆ ಹಾಕಿಕೊಂಡೆ. ಈ ವಯಸ್ಸಿನಲ್ಲೂ ಅದರ ತುಂಬ ಕಾಯಿ ತುಂಬಿದ್ದರು.

"ನಾಳೇನೂ ಮಂಜಿರುತ್ತೆ ಬಿಡಿ ಭಾವ" ಎಂದೆ.