ಹೊತ್ತಿಸದ ಬೀಡಿ

ನನ್ನ ಮೊಮ್ಮಗಳು ಇವತ್ತು ನನ್ನ ತೊಡೆಯ ಮೇಲೆ ಮಲಗಿದಳು! ನಮ್ಮೂರು ಇಜೇರಿಯ ಓಣಿಯಲ್ಲಿ ಎದುರಾದವರಿಗೆಲ್ಲ ಹೇಳಿ ಬಂದೆ, ಉಳಿದವರು ನೀವೇ. ಮೂರನೇ ಇಯತ್ತೆಯವರೆಗೆ ಓದಿದವನ ಬರಹ, ತಪ್ಪಿದ್ದರೆ ಸಂತೋಷದ ಮೇಲೆ ಹಾಕಿ.

ಈ ಭಾಗ್ಯ ಸುಮ್ಮನೆ ಸಿಗಲಿಲ್ಲ. ಹೆರಿಗೆಗೆ ತವರಿಗೆ ಬಂದಿದ್ದ ಮಗಳು ಶಾಂತಾ, ಕೂಸು ಹುಟ್ಟಿದ ದಿನವೇ ನಾನು ದುಡಿಯುವ ಪುಣೆಗೆ ಫೋನ್ ಮಾಡಿ ಕಡ್ಡಿ ಮುರಿದಂತೆ ಹೇಳಿದಳು: "ಅಪ್ಪಾ, ಬೀಡಿ ಬಿಟ್ಟು ಬಂದ್ರ ಕೂಸು ಕೈಗಿ ಕೊಡ್ತೇನಿ. ಇಲ್ಲಾಂದ್ರ ದೂರದಿಂದ ನೋಡಿ ಹಂಗೇ ಹೊಳ್ಳಿ ಹೋಗು." ಮೂವತ್ತು ವರ್ಷ ಕಟ್ಟಡದ ಕೆಲಸ ಮಾಡಿದವನು, ಹನ್ನೆರಡು ಅಂತಸ್ತಿಗೆ ಇಟ್ಟಿಗೆ ಹೊತ್ತವನು, ಬೆರಳುದ್ದದ ಬೀಡಿ ಯಾವ ಮಹಾ ಎಂದುಕೊಂಡೆ.

ಬಾಯಿ ಒಪ್ಪಿತು, ಕೆಲಸ ಒಪ್ಪಲಿಲ್ಲ. ನಮ್ಮಲ್ಲೊಂದು ಪದ್ಧತಿ ಇದೆ. ಬೀಡಿ ಹಚ್ಚಿದವನು ಅದು ಆರುವ ತನಕ ಕೂರಬಹುದು, ಮೇಸ್ತ್ರಿ ಚಕಾರ ಎತ್ತುವುದಿಲ್ಲ. ಬರಿಬಾಯಲ್ಲಿ ಕೂತವನು ಮೈಗಳ್ಳ. ಬೀಡಿ ಬಿಟ್ಟ ಮೊದಲ ದಿನ ಕೂತೆನೋ ಇಲ್ಲವೋ, ಮೇಸ್ತ್ರಿ ರಾಜಪ್ಪ ಬಂದ. "ಯಾಕ್ರಿ ಕಾಕಾ, ಮೈಯಾಗ ಆರಾಮಿಲ್ಲೇನು? ಆರಾಮಿದ್ರ ಸಿಮೆಂಟ್ ಎತ್ರಿ." ಸೇದುತ್ತ ಕೂತವರೆಲ್ಲ ಕಿಸಕ್ಕೆಂದರು. ಇಷ್ಟು ವರ್ಷ ಅರ್ಧ ಬೀಡಿಗಳನ್ನು ನಾನು ಕೂರುವುದಕ್ಕೇ ಸೇದಿದ್ದೆನೆಂದು ಆಗ ತಿಳಿಯಿತು.

ನಾನೇನು ಕಡಿಮೆ? ಮರುದಿನ ಬೀಡಿಯನ್ನು ಹಚ್ಚದೆ ಕಚ್ಚಿಕೊಂಡು ಕೂತೆ. ಹಚ್ಚಿದ ಬೀಡಿ ಐದು ನಿಮಿಷಕ್ಕೆ ಮುಗಿಯುತ್ತದೆ, ಹಚ್ಚದ್ದು ಮುಗಿಯುವುದೇ ಇಲ್ಲ! ಕಾಲು ತಾಸಾದ ಮೇಲೆ ರಾಜಪ್ಪ ಬಗ್ಗಿ ನೋಡಿದ. "ಕಾಕಾ, ಹೊಗೀನೇ ಇಲ್ಲಲ್ರಿ?"

"ಮೊಮ್ಮಗಳು ಹುಟ್ಯಾಳಪಾ, ಸೇದೂದು ಬಿಟ್ಟೇನಿ" ಎಂದು ನಿಜ ಒಪ್ಪಿಕೊಂಡೆ.

ಅವನು ತಲೆ ಕೆರೆದುಕೊಂಡ. "ಕೂಡ್ರಿ ಹಂಗಾರ. ಆದ್ರ ಬೀಡಿ ಬಾಯಾಗೇ ಇರ್ಲಿ. ಇಲ್ಲಾಂದ್ರ ಎಲ್ಲಾರೂ ಬರಿಬಾಯಾಗ ಕೂಡ್ತಾರ."

ಹೀಗೆ ಎರಡು ತಿಂಗಳು ಗೆದ್ದು ಇವತ್ತು ಊರಿಗೆ ಬಂದರೆ, ಬಾಗಿಲಲ್ಲೇ ಶಾಂತಾ ಮೂಗು ಅರಳಿಸಿದಳು. ಕಚ್ಚುವ ಬೀಡಿ ಅಂಗಿಯ ಕಿಸೆಯಲ್ಲೇ ಉಳಿದಿತ್ತು! "ಸೇದಿಲ್ಲವ್ವಾ, ಬರೇ ಕಚ್ಚೇನಿ" ಎಂದೆ. "ಈ ಮಾತು ಹೊಸಾದು ನೋಡು" ಎಂದಳು ನನ್ನ ಹೆಂಡತಿ ಒಳಗಿನಿಂದ. ಕೊನೆಗೆ ರಾಜಪ್ಪನಿಗೇ ಫೋನ್ ಹಚ್ಚಿ ಸಾಕ್ಷಿ ಹೇಳಿಸಿದೆ. ಶಾಂತಾ ನನ್ನ ಬೆರಳುಗಳನ್ನು ಒಂದೊಂದಾಗಿ ಮೂಸಿ, ಸ್ನಾನಕ್ಕೆ ಕಳಿಸಿ, ಆಮೇಲೆ ಕೂಸನ್ನು ಕೊಟ್ಟಳು.

ಸಂಜೆ ಅಳಿಯನೂ ಬಂದ. ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತೆವು. ಕೂಸನ್ನು ಮಲಗಿಸು ಎಂದರೂ ನಾನು ಕೊಡಲಿಲ್ಲ. ರೊಟ್ಟಿ ಮುರಿಯಲು ಕೈಗೆ ಬಿಡುವಿಲ್ಲ. ಹೆಂಡತಿ ತಾನೇ ರೊಟ್ಟಿಗೆ ಪಲ್ಯ ಸುತ್ತಿ ನನ್ನ ಮುಖದ ಹತ್ತಿರ ಹಿಡಿದಳು. "ತಗೀರಿ ಬಾಯಿ. ಹ್ಯಾಂಗೂ ಈಗ ಖಾಲಿ ಅದ."

ಅಳಿಯನ ಎದುರಿಗೇ ಬಾಯಿ ತೆರೆದೆ.